ಎಲ್ಲಿಗೆ, ಎಷ್ಟು ಹೊತ್ತು, ಏನು ಕೆಲಸ

ಪೊಲೀಸರ ಜೊತೆ ನಡೆಯುವಾಗ ಮೇಡಂ ಯಾವಾಗಲೂ ಒಂದು ಹೆಜ್ಜೆ ಮುಂದಿರುತ್ತಿದ್ದರು. ಅವರು ಕುಳ್ಳಗಿದ್ದರು. ಬರುತ್ತಿದ್ದ ಕಾನ್‌ಸ್ಟೇಬಲ್‌ಗಳು ಹೆಚ್ಚಾಗಿ ಹರಿಯಾಣದ ಕಡೆಯ ಆರಡಿ ಆಳುಗಳು. ಆದರೂ ಅವರೇ ತಮ್ಮ ಹೆಜ್ಜೆ ಚಿಕ್ಕದು ಮಾಡಿಕೊಂಡು ಇವರ ಹಿಂದೆ ಬರಬೇಕಿತ್ತು. ಯೂನಿವರ್ಸಿಟಿಯ ದೊಡ್ಡ ಗೇಟಿನಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಮತ್ತೆ ಗೇಟಿಗೆ. ದೂರದಿಂದ ನೋಡಿದವರಿಗೆ ಯಾರು ಯಾರನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಎಂಬ ಅನುಮಾನ ಬರುತ್ತಿತ್ತು.

ಮೇಡಂ ಹೋದ ತಿಂಗಳು ತೀರಿಕೊಂಡರು. ದೆಹಲಿಯ ದ್ವಾರಕಾದಲ್ಲಿದ್ದ ಅವರ ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ಒಂದು ಭಾನುವಾರ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹೌಜ್ ಖಾಸಿನಿಂದ ಅಲ್ಲಿಗೆ ಮೆಟ್ರೋದಲ್ಲಿ ಹೋಗುವಷ್ಟು ಹೊತ್ತೂ ನಾನು ಅವರ ಬಗ್ಗೆ ಮಾತಾಡಲು ಹೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಲೇ ಇದ್ದೆ. ಹೇಳಬೇಕಾದದ್ದು ಒಂದೇ ಇತ್ತು, ಅದನ್ನು ಆರು ವರ್ಷದಿಂದ ಹೇಳಿರಲಿಲ್ಲ.

ಅವರು ಕೊಡಗಿನವರು, ಸೈನ್ಯದ ಅಧಿಕಾರಿಯೊಬ್ಬರ ಮಗಳು. ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ ಎತ್ತಿ ಹಾಕಿಸಿಕೊಂಡು ಬೆಳೆದವರು. ಕೊನೆಗೆ ದೆಹಲಿಯಲ್ಲಿ ನಿಂತು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದರು. ನಾನು ರಸಾಯನಶಾಸ್ತ್ರದವನು, ಹುಬ್ಬಳ್ಳಿಯವನು. ಕೆಲಸಕ್ಕೆ ಸೇರಿದ ವಾರವೇ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, "ಕನ್ನಡದವರಂತೆ? ಯಾವೂರು?" ಅಂದರು. ಹೇಳಿದೆ. ಅಂದಿನಿಂದ ನನ್ನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. "ಏನ್ರಿ ಹುಬ್ಬಳ್ಳಿ, ಚಾಯ್ ಆಯ್ತಾ?", "ಹುಬ್ಬಳ್ಳಿ, ನಿಮ್ಮ ಲ್ಯಾಬ್ ವಾಸನೆ ನನ್ನ ಗಿಡಗಳಿಗೆ ಆಗಲ್ಲ, ಕಿಟಕಿ ಹಾಕಿ." ಅವರ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಇಂಗ್ಲಿಷು. ಬೈಯುವುದು ಮಾತ್ರ ಶುದ್ಧ ಕನ್ನಡದಲ್ಲಿ.

ಅವರ ಹರ್ಬೇರಿಯಮ್ಮಿನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಡುವ ಕೋಣೆಯಲ್ಲಿ, ಒಂದು ಬುಟ್ಟಿ ಇತ್ತು. ಯಾವ ವಿದ್ಯಾರ್ಥಿ ಎಂಥ ಅಪರೂಪದ ಗಿಡ ತಂದರೂ ಮೊದಲು ಲೇಬಲ್ ನೋಡುವರು. ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಕಿತ್ತರು, ಮೂರೂ ಇದ್ದರೆ ಸರಿ. ಇಲ್ಲದಿದ್ದರೆ ಬುಟ್ಟಿಗೆ. "ಲೇಬಲ್ ಇಲ್ಲದ್ದು ಮೇವು" ಅನ್ನುವರು. ಒಬ್ಬ ಹುಡುಗಿ ಅರಾವಳಿಯ ಕಲ್ಲುಗಳಲ್ಲಿ ಇಡೀ ದಿನ ಹತ್ತಿಳಿದು ತಂದ ಗಿಡವನ್ನು, ತಾರೀಖು ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ, ನನ್ನೆದುರೇ ಬುಟ್ಟಿಗೆ ಹಾಕಿದರು. ಹುಡುಗಿ ಅತ್ತಳು. ಮೇಡಂ ತಮ್ಮ ಫ್ಲಾಸ್ಕಿನಿಂದ ಅವಳಿಗೆ ಚಹಾ ಬಗ್ಗಿಸಿ ಕೊಟ್ಟರೇ ಹೊರತು ಗಿಡವನ್ನು ಬುಟ್ಟಿಯಿಂದ ತೆಗೆಯಲಿಲ್ಲ.

ಇಂಥವರನ್ನು ಪ್ರಾಕ್ಟರ್ ಮಾಡಿದರು. ಕ್ಯಾಂಪಸ್ಸಿನ ಶಿಸ್ತು ನೋಡಿಕೊಳ್ಳುವ ಹುದ್ದೆ ಅದು. ವಿದ್ಯಾರ್ಥಿಗಳಿಗೆ ಅವರನ್ನು ಕಂಡರೆ ಪ್ರೀತಿ ಇತ್ತು ಎಂದರೆ ಸುಳ್ಳಾದೀತು. ಮರದ ಕಾಂಡಕ್ಕೆ ಪೋಸ್ಟರ್ ಅಂಟಿಸಿದವರ ಕೈಗೆ ಬಕೆಟ್ಟು ಬ್ರಷ್ಷು ಕೊಟ್ಟು ತೊಳೆಸುತ್ತಿದ್ದರು. ಪೋಸ್ಟರಿನಲ್ಲಿ ಏನು ಬರೆದಿದೆ ಎಂದು ಓದುತ್ತಿರಲಿಲ್ಲ. "ಗೋಡೆಗೆ ಹಚ್ಚಿ, ಏನು ಬೇಕಾದ್ರೂ ಬರೀರಿ. ಮರ ಯಾವ ಪಾರ್ಟಿ?" ಅನ್ನುವರು. ಹಿಂದಿನಿಂದ ಹುಡುಗರು ಅವರನ್ನು 'ಫೌಜಿ', ಅಂದರೆ ಸಿಪಾಯಿ, ಎಂದು ಕರೆಯುತ್ತಿದ್ದರು. ಅದು ಗೊತ್ತಾದಾಗ ಮೇಡಂ ಸ್ವಲ್ಪ ಖುಷಿಪಟ್ಟರು ಎಂದೇ ನನ್ನ ಗುಮಾನಿ.

ಪ್ರಾಕ್ಟರ್ ಬರೆದು ಕರೆಯದೆ ಪೊಲೀಸರು ಒಳಗೆ ಬರಬಾರದು ಎಂಬುದು ನಮ್ಮಲ್ಲಿ ಹಳೆಯ ರೂಢಿ. ಮೇಡಂ ಅದಕ್ಕೆ ತಮ್ಮ ಲೇಬಲ್ ಪದ್ಧತಿಯನ್ನೇ ಹಾಕಿದರು. ಪ್ರತಿ ಪತ್ರವನ್ನೂ ಕೈಯಲ್ಲೇ ಬರೆಯುತ್ತಿದ್ದರು, ಮೂರೇ ಸಾಲು. ಎಲ್ಲಿಗೆ ಬರಬೇಕು, ಎಷ್ಟು ಹೊತ್ತು ಇರಬೇಕು, ಏನು ಕೆಲಸ ಮಾಡಬೇಕು. ಕೆಳಗೆ ಸಹಿ, ತಾರೀಖು. ಹಾಸ್ಟೆಲಿನಲ್ಲಿ ಸಾಲಾಗಿ ಲ್ಯಾಪ್‌ಟಾಪ್ ಕಳುವಾದಾಗ ಅವರೇ ಪೊಲೀಸರನ್ನು ಕರೆದರು. ಎರಡನೇ ಮಹಡಿ, ಒಂದು ಗಂಟೆ, ಬೀಗ ಪರೀಕ್ಷೆ. ಗೇಟಿನಲ್ಲಿ ಕಾದು ನಿಂತು ಕರೆದುಕೊಂಡು ಹೋದರು. ಬಂದ ಇಬ್ಬರಲ್ಲಿ ಒಬ್ಬ ಹೊರಡುವಾಗ ಲೈಬ್ರರಿಯ ಕಡೆ ಕತ್ತು ತಿರುಗಿಸಿ, ಅಲ್ಲೂ ನೋಡಿಬಿಡೋಣವೇ ಎಂಬಂತೆ, "ಉಧರ್ ಭೀ ದೇಖ್ ಲೇಂ, ಮೇಡಂ?" ಅಂದ. "ಉಧರ್ ಕಾ ಲೆಟರ್ ನಹೀಂ ಹೈ, ಭಯ್ಯಾ" ಅಂದರು. ಪತ್ರದಲ್ಲಿ ಲೈಬ್ರರಿ ಇರಲಿಲ್ಲ. ಗೇಟಿನ ಹತ್ತಿರ ಇಬ್ಬರಿಗೂ ಅದೇ ಫ್ಲಾಸ್ಕಿನ ಚಹಾ ಕೊಟ್ಟರು.

ನಾನು ಆಗ ಸಹಾಯಕ ಪ್ರಾಕ್ಟರ್. ವಾಪಸ್ಸು ಬರುತ್ತಾ, ಪೊಲೀಸರ ಮೇಲೆ ನಿಮಗೆ ಇಷ್ಟು ಅಪನಂಬಿಕೆ ಯಾಕೆ ಎಂದು ಕೇಳಿದೆ. ನಿಂತುಬಿಟ್ಟರು.

"ಅಪನಂಬಿಕೆ ಯಾರು ಹೇಳಿದ್ರು? ಯೂನಿಫಾರ್ಮ್ ಹಾಕ್ಕೊಂಡವನಿಗೆ ಪೂರ್ತಿ ಆರ್ಡರ್ ಕೊಡಬೇಕು, ಹುಬ್ಬಳ್ಳಿ. ನಮ್ಮಪ್ಪ ಹೇಳೋರು. ಅರ್ಧ ಆರ್ಡರ್ ಕೊಟ್ಟು ಕಳಿಸಿದರೆ ಮಿಕ್ಕಿದ್ದನ್ನ ಅವನೇ ತುಂಬ್ಕೋತಾನೆ. ಆಮೇಲೆ ಆಗೋದೆಲ್ಲ ಕೊಟ್ಟವರ ತಪ್ಪು."

ಮೇಲಿನ ಆಫೀಸಿನಿಂದ ಕೆಲವೊಮ್ಮೆ ಫೋನು ಬರುತ್ತಿತ್ತು. ಇಂಥ ಭಾಷಣ ಇದೆಯಂತೆ, ಇಂಥವರು ಬರುತ್ತಾರಂತೆ, ಮುಂಜಾಗ್ರತೆಗೆ ನಾಲ್ಕು ಜನ ಪೊಲೀಸರು ಒಳಗೆ ಇರಲಿ ಎಂದು. ಮೇಡಂ, "ಫೋನಲ್ಲಿ ನನಗೆ ಸರಿಯಾಗಿ ಕೇಳಿಸಲ್ಲ ಸರ್, ಬರೆದು ಕಳಿಸಿ" ಅನ್ನುವರು. ಕೊನೇ ಬೆಂಚಿನಲ್ಲಿ ಪಿಸುಗುಟ್ಟಿದ್ದು ಕೇಳಿಸುತ್ತಿದ್ದ ಕಿವಿ ಅದು. ಬರೆದು ಮಾತ್ರ ಯಾರೂ ಕಳಿಸುತ್ತಿರಲಿಲ್ಲ.

ಒಂದು ಡಿಸೆಂಬರಿನಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಎರಡು ವಾರ ರಜೆ, ಆ ಎರಡು ವಾರ ಪ್ರಾಕ್ಟರ್ ಕುರ್ಚಿ ನನ್ನದು. ಅಪ್ಪ ಅಮ್ಮ ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಬಂದಿದ್ದರು. ದೆಹಲಿಗೆ ಬಂದ ಮೇಲೆ ಹರಿದ್ವಾರಕ್ಕೆ ಹೋಗದೆ ಊರಿಗೆ ಮರಳುವುದು ಅಮ್ಮನ ಪಾಲಿಗೆ ಸಾಧ್ಯವೇ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಹೊರಡುವವನಿದ್ದೆ. ಚಳಿಗಾಲದ ರಜೆಗೆ ಊರಿಗೆ ಹೊರಟ ಹುಡುಗರು ರೈಲಿನ ರಿಯಾಯಿತಿ ಪತ್ರಕ್ಕೆ ಸಾಲು ಹಚ್ಚಿದ್ದರು. ಇನ್ನೂ ನಾಲ್ಕು ಜನ ಬರಬೇಕಿತ್ತು. ನಮ್ಮ ಸೆಕ್ಷನ್ನಿನ ಶರ್ಮಾಜಿ ನಾಲ್ಕು ಖಾಲಿ ಲೆಟರ್‌ಹೆಡ್ ಮುಂದಿಟ್ಟರು.

"ಆಪ್ ಬಸ್ ಸೈನ್ ಕರ್ ದೀಜಿಯೇ ಸರ್, ಬಾಕಿ ಮೈಂ ಭರ್ ಲೂಂಗಾ." ಸಹಿ ನನ್ನದು, ಮಿಕ್ಕಿದ್ದು ಅವರು ತುಂಬಿಕೊಳ್ಳುತ್ತಾರಂತೆ.

ಮಾಡಿದೆ. ಹುಡುಗರು ಪಾಪ, ರೈಲು ತಪ್ಪಿಸಿಕೊಳ್ಳಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ. ಸರ್ಕಾರಿ ಆಫೀಸಿನಲ್ಲಿ ಕೂತವರಿಗೆಲ್ಲ ಗೊತ್ತು, ಇದನ್ನು ಎಲ್ಲರೂ ಮಾಡುತ್ತಾರೆ. ಮೇಡಂ ಮಾಡುತ್ತಿರಲಿಲ್ಲ, ಅಷ್ಟೆ.

ಶನಿವಾರ ಸಮಾಜಶಾಸ್ತ್ರ ವಿಭಾಗದಲ್ಲಿ ಸಬೀಹಾಳ ಸೆಮಿನಾರ್ ಇತ್ತು. ಸಬೀಹಾ ಕಲಬುರಗಿಯ ಹುಡುಗಿ. ದೆಹಲಿಯ ಹತ್ತಿರದ ಮಾನೇಸರದ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಳು. ಎರಡು ವರ್ಷ ಅವರ ಕೋಣೆಗಳಲ್ಲಿ ಕೂತು, ಅವರು ಹೇಳಿದ್ದನ್ನು ಐದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಹೆಸರು, ಯಾವ ಶಿಫ್ಟು, ಸೂಪರ್‌ವೈಸರ್ ಏನಂದ, ಬೆರಳು ಹೇಗೆ ಹೋಯಿತು. ಹೆಸರು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವರು ಬಾಯಿ ಬಿಟ್ಟದ್ದು. ಈ ಸೆಮಿನಾರಿನಿಂದ ಗಲಾಟೆ ಆಗುತ್ತದೆ ಎಂದು ಯಾರೋ ದೂರು ಕೊಟ್ಟರು. ಮೇಲಿನಿಂದ ಫೋನು ಬಂತು. ಮೇಡಂ ಇರಲಿಲ್ಲ, ನಾನಿರಲಿಲ್ಲ. ಶರ್ಮಾಜಿಯ ಡ್ರಾಯರಿನಲ್ಲಿ ನನ್ನ ಸಹಿ ಇತ್ತು.

ಪೊಲೀಸರು ಬಂದರು, ಸೆಮಿನಾರ್ ನಿಲ್ಲಿಸಿದರು. ತಳ್ಳಾಟದಲ್ಲಿ ಬಾಗಿಲ ಗಾಜು ಒಡೆಯಿತು. ಮೇಜಿನ ಮೇಲಿದ್ದ ಐದೂ ನೋಟ್‌ಬುಕ್ ಎತ್ತಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಮೇಡಂ ಕುರ್ಚಿಯಲ್ಲಿದ್ದರು. ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ದೊಡ್ಡ ಕಪ್ಪು ಕನ್ನಡಕ. ಇನ್ನೊಂದು ಕಣ್ಣಿಗೆ ಮೊದಲೇ ಮಂಜು. ಪತ್ರದ ಪ್ರತಿಯನ್ನು ನನ್ನ ಕಡೆ ತಳ್ಳಿ, "ಓದಿ ಹೇಳಿ, ನನಗೆ ಕಾಣಿಸಲ್ಲ" ಅಂದರು.

ಓದಿದೆ. ಕ್ಯಾಂಪಸ್ಸಿನ ಶಾಂತಿ ಕಾಪಾಡಲು ಅಗತ್ಯವಿರುವ ಕಡೆ ಅಗತ್ಯವಿರುವ ಎಲ್ಲ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.

"ಎಲ್ಲಿಗೆ ಅಂತ ಇದೆಯಾ?"

"ಇಲ್ಲ ಮೇಡಂ."

"ಎಷ್ಟು ಹೊತ್ತು?"

"ಇಲ್ಲ."

"ಏನು ಕೆಲಸ?"

ನಾನು ಪತ್ರವನ್ನು ಮೇಜಿನ ಮೇಲಿಟ್ಟೆ.

"ಸೈನ್ ಯಾರದು?"

"ನನ್ನದು ಮೇಡಂ. ಖಾಲಿ ಕಾಗದಕ್ಕೆ ಮಾಡಿದ್ದೆ. ರೈಲ್ವೆ ಕನ್ಸೆಶನ್‌ಗೆ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಿಧಾನವಾಗಿ ಹೇಳಿದರು. ಯಾರ ಮೇಲೂ ಕೇಸ್ ದಾಖಲಾಗಿಲ್ಲ. ಠಾಣೆಯವರ ಕೈಯಲ್ಲಿರುವುದು ಈ ಪತ್ರ ಒಂದೇ. ಸಹಿ ಹಾಕುವಾಗ ಕಾಗದ ಖಾಲಿ ಇತ್ತು, ಒಕ್ಕಣೆ ನನ್ನದಲ್ಲ ಎಂದು ನಾನು ಬರೆದುಕೊಟ್ಟರೆ ಅವರಿಗೆ ನೋಟ್‌ಬುಕ್ ಇಟ್ಟುಕೊಳ್ಳಲು ಆಧಾರವೇ ಇರುವುದಿಲ್ಲ. "ಬರೆದು ಕೊಡ್ತೀರಾ?"

ಆ ತಿಂಗಳು ನನ್ನ ಕೆಲಸ ಕಾಯಂ ಆಗಬೇಕಿತ್ತು. ಫೈಲು ಅದೇ ಮೇಲಿನ ಆಫೀಸಿನಲ್ಲಿತ್ತು. ಅಪ್ಪ ಅಮ್ಮ ಮನೆಯಲ್ಲಿ ಗಂಗಾಜಲದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಾ, ಮಗ ದೆಹಲಿಯಲ್ಲಿ ಪರ್ಮನೆಂಟ್ ಆದ ಎಂದು ಊರಲ್ಲಿ ಹೇಳಲು ಕಾಯುತ್ತಿದ್ದರು.

"ಯೋಚನೆ ಮಾಡ್ತೀನಿ ಮೇಡಂ" ಅಂದೆ.

"ಮಾಡಿ. ನೋಟ್‌ಬುಕ್ ಅಲ್ಲಿರೋಷ್ಟು ಹೊತ್ತೂ ಅದನ್ನ ಯಾರಾದ್ರೂ ಓದಬಹುದು. ಅದನ್ನೂ ಸೇರಿಸಿ ಯೋಚನೆ ಮಾಡಿ" ಎಂದು ಎದ್ದರು.

ಎದ್ದವರು ನೇರ ಠಾಣೆಗೆ ಹೋದರು. ನೋಟ್‌ಬುಕ್ಕುಗಳನ್ನು ತಮ್ಮೆದುರು ಲಕೋಟೆಗೆ ಹಾಕಿ ಅರಗು ಹಚ್ಚಿ ಎಂದು ಕೇಳಿದರು. ಠಾಣಾಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ಚಹಾ ತರಿಸಿದ, ಲಕೋಟೆಯ ವಿಷಯ ಮಾತ್ರ ನಾಳೆ ಅಂದ. "ಮೇಡಂ, ಆಪ್ ಹೀ ಕೇ ಯಹಾಂ ಕಾ ಲೆಟರ್ ಹೈ" ಎಂದು, ನಮ್ಮಲ್ಲಿಂದಲೇ ಹೋದ ಪತ್ರವನ್ನು ತೋರಿಸಿದ. ನಾಳೆಯೂ ಹೋದರು. ನಾಡಿದ್ದೂ ಹೋದರು. ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಡಿಸೆಂಬರಿನ ದೆಹಲಿಯ ಗಾಳಿ, ರಸ್ತೆ ಬದಿಯ ಠಾಣೆ, ಬಾಗಿಲ ಪಕ್ಕದ ಬೆಂಚು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಪ್ಪು ಕನ್ನಡಕ ಹಾಕಿಕೊಂಡು, ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಇದನ್ನು ನೋಡಿದ್ದೇನೆ ಎಂದು ಹೇಗೆ ಹೇಳಲಿ? ಬಸ್ಸಿನ ಕಿಟಕಿಯಿಂದ ನೋಡಿದೆ. ಇಳಿಯಲಿಲ್ಲ.

ಬುಧವಾರ ಊಟಕ್ಕೆ ಕೂತಾಗ ಅಮ್ಮ, "ಯಾಕೋ, ಎರಡು ದಿನಾತು, ಸರಿ ಉಣ್ಣವಲ್ಲಿ" ಅಂದಳು. ಚಳಿ ಅಂದೆ.

ಶುಕ್ರವಾರ ಬೆಳಿಗ್ಗೆ ಸಬೀಹಾ ಬಂದಳು. ನಾನು ಖಾಲಿ ಕಾಗದಕ್ಕೆ ಸಹಿ ಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ. ಮೇಡಂ ಹೇಳಿರಲಿಲ್ಲ. ನನ್ನ ಮೇಜಿನ ಅಂಚು ಹಿಡಿದು ನಿಂತುಕೊಂಡೇ ಹೇಳಿದಳು.

"ಸರ್, ಮಾನೇಸರದಿಂದ ಫೋನ್ ಬಂದಿತ್ರಿ. ಇಬ್ಬರು. ನಿನ್ನೆ ಬೆಳಿಗ್ಗೆ ಫ್ಯಾಕ್ಟರಿ ಗೇಟಿಗೆ ಕಾರ್ಡ್ ಹಚ್ಚಿದ್ರೆ ಕೆಂಪು ಲೈಟ್ ಬಂತಂತ. ಒಳಗ ಬಿಡಲಿಲ್ಲಂತ. ಇಬ್ಬರ ಹೆಸರೂ ಮೂರನೇ ನೋಟ್‌ಬುಕ್ಕಿನಾಗ ಅದಾವ್ರಿ. ನಾನು ಏನು ಹೇಳ್ಲಿ ಅವರಿಗೆ?"

ಯಾರು ಓದಿದರು, ಯಾರು ಯಾರಿಗೆ ಹೇಳಿದರು, ಇಂದಿಗೂ ತಿಳಿದಿಲ್ಲ. ಆಕಸ್ಮಿಕ ಅಂದವರೂ ಇದ್ದರು. ನಾನು ಅವಳ ಎದುರಿಗೇ ಕಾಗದ ತೆಗೆದುಕೊಂಡು ಬರೆದೆ. ಖಾಲಿ ಕಾಗದದ ವಿಷಯ ಅವಳಿಗೂ ಹೇಳಿದೆ. ಬರೆದದ್ದನ್ನು ಇಬ್ಬರೂ ಠಾಣೆಗೆ ಒಯ್ದು ಬೆಂಚಿನಲ್ಲಿದ್ದ ಮೇಡಂ ಕೈಗೆ ಕೊಟ್ಟೆವು. ಅವರು ಓದಿಸಿಕೊಂಡರು. ತಾರೀಖು ಇದೆಯಾ ಎಂದು ಕೇಳಿದರು. ಇದೆ ಅಂದೆ. ಮಧ್ಯಾಹ್ನದೊಳಗೆ ಐದೂ ನೋಟ್‌ಬುಕ್ ಸಬೀಹಾಳ ಚೀಲಕ್ಕೆ ವಾಪಸ್ಸು ಬಂದವು. ಆ ಇಬ್ಬರಿಗೆ ಕೆಲಸ ವಾಪಸ್ಸು ಬರಲಿಲ್ಲ.

ನನಗೆ ಒಂದು ಮೆಮೊ ಬಂತು, ಕಾಯಮಾತಿ ಒಂದು ವರ್ಷ ಮುಂದೆ ಹೋಯಿತು. ಅಷ್ಟಕ್ಕೆ ನಾಲ್ಕು ದಿನ ಹೆದರಿ ಕೂತಿದ್ದೆ. ಮೇಡಂ ಅವರನ್ನು ಆರೋಗ್ಯದ ಕಾರಣ ಹೇಳಿ ಪ್ರಾಕ್ಟರ್ ಹುದ್ದೆಯಿಂದ ಬಿಡಿಸಿದರು. ಹರ್ಬೇರಿಯಮ್ಮಿಗೆ ಹಿಂತಿರುಗಿದರು. ಆ ಕಣ್ಣು ಪೂರ್ತಿ ಸರಿಯಾಗಲೇ ಇಲ್ಲ. ಡಾಕ್ಟರು ಒಮ್ಮೆ ಧೂಳು ಅಂದರು, ಒಮ್ಮೆ ವಯಸ್ಸು ಅಂದರು. ಹೂವಿನ ಕೇಸರ ಎಣಿಸಲು ವಿದ್ಯಾರ್ಥಿಗಳನ್ನು ಕರೆಯುತ್ತಿದ್ದರು, ಅವರ ಲೆಕ್ಕ ನಂಬದೆ ಎರಡನೇ ಸಲ ಎಣಿಸಲು ಹೇಳುತ್ತಿದ್ದರು.

ಸಬೀಹಾ ಮಾತ್ರ ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿಬಿಟ್ಟಳು. ಅವಳು ಕಂಡದ್ದು ಶುಕ್ರವಾರವನ್ನು ಮಾತ್ರ. ಸುದ್ದಿ ಕೇಳಿದ ಕೂಡಲೇ ತನ್ನೆದುರು ಕಾಗದ ತೆಗೆದು ಬರೆದ ಮೇಷ್ಟ್ರು. ಸೋಮವಾರ ಮೇಡಂ ಕೇಳಿದ್ದು, ನಾನು ಯೋಚನೆ ಮಾಡ್ತೀನಿ ಅಂದದ್ದು ಅವಳಿಗೆ ಗೊತ್ತಿಲ್ಲ. ಪಿಎಚ್.ಡಿ. ಮುಗಿಸಿ ಹರಿಯಾಣದ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಳು. ಪ್ರತಿ ಈದಿಗೆ ಸೇವಿಗೆ ಪಾಯಸದ ಡಬ್ಬಿಯೊಡನೆ ಬರುವಳು. "ಅವತ್ತು ಬರೆದುಕೊಟ್ಟವರು ನೀವೊಬ್ಬರೇ ಸರ್" ಎಂದು ನನ್ನ ಹೆಂಡತಿ ಮಕ್ಕಳ ಮುಂದೆ ಹೇಳುವಳು. ನಾನು ಪಾಯಸ ತಿನ್ನುತ್ತಿದ್ದೆ.

ಮೇಡಂ ನಿವೃತ್ತರಾಗುವ ದಿನ ಹಾಳೆಗಳನ್ನು ಕಪಾಟಿಗೆ ಸೇರಿಸಲು ನೆರವಾಗುತ್ತಿದ್ದೆ. ಇಬ್ಬರೇ ಇದ್ದೆವು. ಸಬೀಹಾಳಿಗೆ ನೀವು ಏನಾದರೂ ಹೇಳಿದಿರಾ ಎಂದು ಕೇಳಿಯೇಬಿಟ್ಟೆ.

"ನಾನ್ಯಾಕೆ ಹೇಳಲಿ?" ಅಂದರು. "ನೀವು ಬರೆದಿದ್ದು ಫೈಲಲ್ಲಿದೆ. ಯಾವತ್ತು ಬರೆದಿರಿ ಅನ್ನೋದೂ ಇದೆ. ನಾನು ಯಾವತ್ತು ಕೇಳಿದೆ ಅನ್ನೋದು ಮಾತ್ರ ಫೈಲಲ್ಲಿಲ್ಲ ಹುಬ್ಬಳ್ಳಿ, ಅದು ನಿಮ್ಮ ಹತ್ರ ಇದೆ." ಆಮೇಲೆ, "ಆ ಮೇಲಿನ ಹಾಳೆ ಕೊಡಿ, ಕೈ ಎಟುಕಲ್ಲ ನನಗೆ" ಅಂದರು. ಕೊಟ್ಟೆ. ಅದಾದ ಮೇಲೆ ದ್ವಾರಕಾಕ್ಕೆ ಅವರನ್ನು ನೋಡಲು ಎಷ್ಟೋ ಸಲ ಹೋಗಿದ್ದೇನೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಬಾಲ್ಕನಿಯ ಕುಂಡಗಳಲ್ಲಿ ಹುಲ್ಲಿಗೂ ಲೇಬಲ್ ಸಿಗಿಸಿದ್ದರು, ಅದನ್ನು ನೋಡಿ ನಾನು ನಗುತ್ತಿದ್ದೆ, ಅವರು ಬೈಯುತ್ತಿದ್ದರು.

ಭಾನುವಾರದ ಸಭೆ ಚಿಕ್ಕದಾಗಿತ್ತು. ಮೇಡಂ ಅವರ ತಮ್ಮ, ನಿವೃತ್ತ ಕರ್ನಲ್, ಎರಡು ಮಾತಾಡಿ ಕೂತರು. ಸೊಸೈಟಿಯ ಹಿರಿಯರು, ಹಳೆಯ ವಿದ್ಯಾರ್ಥಿಗಳು, ನಾವು ನಾಲ್ಕಾರು ಕನ್ನಡದವರು. ಮಾತಾಡಲು ನನ್ನನ್ನು ಕರೆಯಲಿಲ್ಲ, ಸದ್ಯ ಎಂದುಕೊಂಡೆ. ಹೊರಗೆ ಹೋಗುವ ದಾರಿಯಲ್ಲಿ ಮೇಜಿನ ಮೇಲೆ ಅವರ ಫೋಟೋ, ಪಕ್ಕದಲ್ಲಿ ಒಂದು ದಪ್ಪ ಪುಸ್ತಕ. ಬಂದವರು ಎರಡು ಸಾಲು ಬರೆದು ಸಹಿ ಮಾಡಬೇಕು. ಸಾಲಿನಲ್ಲಿ ನನ್ನ ಹಿಂದೆ ಸೊಸೈಟಿಯ ಯಜಮಾನರೊಬ್ಬರು, ಅವರ ಹಿಂದೆ ಸಬೀಹಾ. ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು.

ಹೊಸ ಪುಟ, ಪೂರ್ತಿ ಖಾಲಿ. ಪೆನ್ನು ಹಿಡಿದು ನಿಂತೆ. ಎಷ್ಟು ಹೊತ್ತು ನಿಂತೆನೋ, ಹಿಂದಿನ ಯಜಮಾನರಿಗೆ ಸಹನೆ ತಪ್ಪಿತು. ಮೆಲ್ಲಗೆ ಭುಜ ಮುಟ್ಟಿ, "ಭಾಯಿ ಸಾಹಬ್, ಬಸ್ ಸೈನ್ ಕರ್ ದೀಜಿಯೇ" ಅಂದರು.

"ನಹೀಂ" ಅಂದೆ. ನನಗೇ ಅನಿರೀಕ್ಷಿತವಾಗಿ ದನಿ ಜೋರಾಗಿ ಬಂತು, ನಾಲ್ಕು ಜನ ತಿರುಗಿ ನೋಡಿದರು. ಬಗ್ಗಿ ಬರೆಯತೊಡಗಿದೆ. ಕನ್ನಡದಲ್ಲೇ ಬರೆದೆ. ಓದಬೇಕಾದವಳಿಗೆ ಕನ್ನಡ ಬರುತ್ತಿತ್ತು.

'ನಾನು ಖಾಲಿ ಕಾಗದಕ್ಕೆ ಸಹಿ ಹಾಕಿದೆ. ಅದನ್ನು ಬರೆದುಕೊಡಿ ಎಂದು ಮೇಡಂ ಸೋಮವಾರ ಕೇಳಿದರು. ಕೆಲಸಕ್ಕೆ ಹೆದರಿ ಶುಕ್ರವಾರದವರೆಗೆ ಬರೆಯಲಿಲ್ಲ. ಗುರುವಾರ ಇಬ್ಬರ ಕೆಲಸ ಹೋಯಿತು.'

ಕೆಳಗೆ ಸಹಿ ಹಾಕಿ ಪಕ್ಕಕ್ಕೆ ಸರಿದೆ. ಯಜಮಾನರು ಅದನ್ನು ನೋಡಿ, ಲಿಪಿ ತಿಳಿಯದೆ, ಗೌರವದಿಂದ ತಲೆಯಾಡಿಸಿ, ತಮ್ಮ ಹೆಸರು ಬರೆದು ಹೋದರು. ಸಬೀಹಾ ಪೆನ್ನು ತೆಗೆದುಕೊಂಡಳು. ಬಗ್ಗಿದಳು. ಬರೆಯಲಿಲ್ಲ. ಓದುತ್ತಿದ್ದಾಳೆ ಎಂದು ಬೆನ್ನಿನಿಂದಲೇ ಗೊತ್ತಾಯಿತು. ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಎರಡನೇ ಸಲ ಓದಿರಬೇಕು. ನಾನು ಹೊರಗೆ ಹೋಗಿಬಿಡಬಹುದಿತ್ತು, ಬಾಗಿಲು ಹತ್ತಿರವೇ ಇತ್ತು. ನಿಂತೆ.

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ನನಗೆ ಓದಲು ಬರುವಂಥದ್ದು ಏನೂ ಇರಲಿಲ್ಲ. ಪೆನ್ನನ್ನು ನನ್ನ ಕಡೆ ಚಾಚಿದಳು.

"ತಾರೀಖು ಹಾಕಿಲ್ಲರಿ ಸರ್" ಅಂದಳು.

ಇಸಕೊಂಡು ಹಾಕಿದೆ.